ದಿಂಬಿನ ತೊಟ್ಟಿಲು

ಬೆಳ್ಳಿ ವ್ಯಾಪಾರದಲ್ಲಿ ಲಾಭ ಬರುವುದು ಮಾರುವಾಗ ಎಂದು ಗಿರಾಕಿಗಳು ತಿಳಿದಿರುತ್ತಾರೆ. ಪಾಪ, ತಿಳಿದಿರಲಿ ಬಿಡಿ. ಗಜೇಂದ್ರಗಡದ ಸರಾಫ ಹೂವಪ್ಪನಿಗೆ ಮಾತ್ರ ಗೊತ್ತಿತ್ತು, ಲಾಭ ಬರುವುದು ಕೊಳ್ಳುವಾಗ. ಹಳೆಯ ಕಾಲ್ಗಡಗ ಮಾರಲು ಬಂದ ಹೆಣ್ಣುಮಗಳ ಎದುರು ಅದನ್ನು ಒರೆಗಲ್ಲಿಗೆ ತಿಕ್ಕಿ, ಒಂದು ಹನಿ ಆಸಿಡ್ ಬಿಟ್ಟು, ಬಣ್ಣ ನೋಡಿ, ತುಟಿ ಸೊಟ್ಟ ಮಾಡಿ ಸುಮ್ಮನೆ ಕೂತರೆ ಸಾಕು. ಅರ್ಧ ವ್ಯಾಪಾರ ಅಲ್ಲೇ ಮುಗಿಯುತ್ತದೆ. ಬೆಸುಗೆಗೆ ಇಷ್ಟು, ಒಳಗೆ ತುಂಬಿದ ಅರಗಿಗೆ ಇಷ್ಟು, ಕರಗಿಸಿದಾಗ ಹೋಗುವ ಕಳತಕ್ಕೆ ಇಷ್ಟು ಎಂದು ಮುರಿದುಕೊಂಡು ಉಳಿದದ್ದಕ್ಕೆ ದರ ಕಟ್ಟಬೇಕು. ಅದೇ ಬೆಳ್ಳಿ ಬೇರೆ ಆಕಾರದಲ್ಲಿ ಗಾಜಿನ ಪೆಟ್ಟಿಗೆಗೆ ಬಂದಾಗ ಅದರ ಮೇಲೆ ಮಜೂರಿ ಏರಿಸಬೇಕು. ಈ ಎರಡರ ನಡುವಿನ ಸಂದಿಯಲ್ಲೇ ಸರಾಫನ ಸಂಸಾರ ನಡೆಯುವುದು. ಇವತ್ತು ಕೊಂಡಷ್ಟನ್ನು ಇವತ್ತೇ ಹುಬ್ಬಳ್ಳಿಗೆ ಮಾರಿ ಕೈತೊಳೆದುಕೊಂಡರೆ, ದರ ಏರಿದರೇನು ಇಳಿದರೇನು, ಅವನ ನಿದ್ದೆ ಕೆಡುವುದಿಲ್ಲ.

ಇಷ್ಟು ಎಲ್ಲ ಸರಾಫರೂ ಮಾಡುತ್ತಾರೆ. ಹೂವಪ್ಪನ ಹತ್ತಿರ ಇನ್ನೊಂದು ಮಾಲಿತ್ತು, ಹರಕೆ ಬೆಳ್ಳಿ.

ರಾಜೂರಿನಾಚೆಯ ಗುಡ್ಡದ ಮೇಲೆ ಗುಡ್ಡದವ್ವನ ಗುಡಿ. ಕಣ್ಣು ಬೇನೆಯಾದವರು ಬೆಳ್ಳಿಯ ಕಣ್ಣು, ಕಾಲು ನೊಂದವರು ಬೆಳ್ಳಿಯ ಕಾಲು, ಮಕ್ಕಳಾಗದವರು ಅಂಗೈಯಗಲದ ಬೆಳ್ಳಿ ತೊಟ್ಟಿಲು ತಂದು ಅವ್ವನಿಗೆ ಒಪ್ಪಿಸುತ್ತಾರೆ. ತೊಟ್ಟಿಲಾದರೆ ಅದಕ್ಕೊಂದು ನೇಮವುಂಟು. ಕೂಸಿನ ಬದಲು ಒಡೆಯದ ಒಂದು ಅಡಿಕೆ ಬೆಟ್ಟ ಮಲಗಿಸಿ, ಐದು ಮಂಗಳವಾರ ಮನೆಯ ದೇವರ ಜಗಲಿಯ ಮುಂದೆ ತೂಗಿ, ಆರನೆಯ ಮಂಗಳವಾರ ಗುಡ್ಡ ಹತ್ತಿ ಕಟ್ಟಬೇಕು. ಐದು ವರ್ಷಕ್ಕೊಮ್ಮೆ ಗುಡಿಯ ಪಂಚರು ಸೇರಿದ ಬೆಳ್ಳಿಯನ್ನೆಲ್ಲ ಲಿಲಾವು ಹಾಕುತ್ತಾರೆ. ಬಂದ ದುಡ್ಡಿನಲ್ಲಿ ಗುಡಿಗೆ ಸುಣ್ಣ, ದಾಸೋಹಕ್ಕೆ ಜೋಳ. ಇದರಲ್ಲಿ ಮುಚ್ಚುಮರೆ ಏನಿಲ್ಲ, ಹತ್ತು ಜನರೆದುರೇ ಹರಾಜು ಕೂಗುತ್ತಾರೆ. ಕೊಂಡವರು ಒಯ್ದು ಕರಗಿಸುತ್ತಾರೆ ಎಂದು ಎಲ್ಲರೂ ನಂಬಿದ್ದರು. ಹೂವಪ್ಪ ಕರಗಿಸುತ್ತಿರಲಿಲ್ಲ. ಅಂಟವಾಳಕಾಯಿ ನೆನೆಸಿದ ನೀರಿನಲ್ಲಿ ತೊಳೆಸಿ, ಮತ್ತೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದ. ಅಕ್ಕಸಾಲಿಗನಿಗೆ ಕೊಡುವ ಮಜೂರಿ ಉಳಿಯಿತು, ಕಳತ ಉಳಿಯಿತು. ಗಿರಾಕಿಯ ಕಡೆಯಿಂದ ಎರಡೂ ಬಂದವು. ಒಂದೇ ಜೋಡಿ ಕಣ್ಣು ಮೂರು ಮಂದಿಯ ಪೊರೆಗೆ ಹರಕೆಯಾಗಿ ನಾಲ್ಕನೆಯವರ ದಾರಿ ಕಾಯುತ್ತಿತ್ತು.

ತೊಳೆಯುತ್ತಿದ್ದವಳು ಅವನ ಹೆಂಡತಿ ಕಲ್ಲವ್ವ. ಅಂಗಡಿಯ ಹಿಂದೆಯೇ ಮನೆ, ಮನೆಯ ಹಿಂದೆ ಒಗೆಯುವ ಕಲ್ಲು. ಆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬುಟ್ಟಿಗಟ್ಟಲೆ ಕಣ್ಣು ಕೈ ಕಾಲು ತೊಟ್ಟಿಲುಗಳನ್ನು ನೊರೆಯಲ್ಲಿ ಅದ್ದಿ ತಿಕ್ಕುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಮಾಲಿನೊಳಗೆ ಅಷ್ಟೊಂದು ತೊಟ್ಟಿಲು ನೋಡಿ ಅವಳಿಗೆ ಏನನ್ನಿಸುತ್ತಿತ್ತೋ ಹೂವಪ್ಪ ಕೇಳಿದವನಲ್ಲ. ಅವಳೇ ಒಮ್ಮೆ, ಮದುವೆಯಾದ ಹೊಸದರಲ್ಲಿ, "ಒಂದ ತೊಟ್ಲಾ ಎಷ್ಟ ಮಂದಿಗೆ ಮಾರ್ತೀರಿ?" ಎಂದು ಕೇಳಿದ್ದಳು. "ತೂಗಿದ್ರ ಬೆಳ್ಳಿ ಸವೆಯೂದಿಲ್ಲ ಬಿಡು," ಎಂದು ಅವನು ನಕ್ಕಿದ್ದ. ಆಮೇಲೆ ಅವಳು ಕೇಳಲಿಲ್ಲ.

ಆ ಕಲ್ಲವ್ವ ತೀರಿಕೊಂಡು ವರ್ಷದ ಮೇಲಾಗಿತ್ತು. ಹೂವಪ್ಪ ಎರಡು ಹೊತ್ತೂ ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಉಣ್ಣುತ್ತಿದ್ದ. ಅಲ್ಲಿ ರೊಟ್ಟಿ ಬಿಸಿಯಿರುತ್ತಿತ್ತು, ಪಲ್ಯ ಚಲೋ ಇರುತ್ತಿತ್ತು, "ಇನ್ನೊಂದ ಹಾಕ್ಲೀ?" ಎಂದು ಕೇಳುವವನೂ ಇದ್ದ. ಆದರೂ ಕೈತೊಳೆದು ಹೊರಗೆ ಬಂದಾಗ ಉಂಡೆನೋ ಇಲ್ಲವೋ ಎಂದು ಅನುಮಾನವಾಗುತ್ತಿತ್ತು. ಅಂಗಡಿಯಲ್ಲಿ ದಿನವಿಡೀ ಜನ. ಬಾಗಿಲು ಎಳೆದುಕೊಂಡ ಮೇಲೆ ಅವನ ಜೊತೆ ಮಾತಾಡುವುದು ಟಿವಿ ಒಂದೇ, ಅದೂ ಇವನ ಮಾತು ಕೇಳುವುದಿಲ್ಲ.

ದೀಪಾವಳಿಯ ಹಿಂದುಮುಂದೆ ಗುಡ್ಡದವ್ವನ ಲಿಲಾವು ಆಯಿತು. ಹೂವಪ್ಪ ಎಂದಿನಂತೆ ಇಡೀ ಬುಟ್ಟಿ ಕೂಗಿ ತಂದ. ತೊಳೆಯುವವರಿಲ್ಲದ್ದಕ್ಕೆ ಬಾಟಲಿಯ ಔಷಧದಲ್ಲಿ ಅದ್ದಿದ. ಬುಟ್ಟಿಯಲ್ಲಿ ಹದಿನಾಲ್ಕು ತೊಟ್ಟಿಲಿದ್ದವು, ಅವುಗಳಲ್ಲಿ ಒಂದು ಹಳೆಯ ಪರಿಚಯದ್ದು. ಅದು ಅವನ ಕೈಗೆ ಬರುತ್ತಿರುವುದು ನಾಲ್ಕನೆಯ ಸಲ. ಯಾವನೋ ಅಕ್ಕಸಾಲಿಗ ಅದರ ತಲೆಯ ಕಡೆಗೆ ಉಗುರಗಲದ ಒಂದು ತಲೆದಿಂಬು ಬಡಿದು ಕೂರಿಸಿದ್ದ. ಹರಕೆಯ ತೊಟ್ಟಿಲಿಗೆ ದಿಂಬು ಯಾರೂ ಇಡುವುದಿಲ್ಲ, ಸುಮ್ಮನೆ ಬೆಳ್ಳಿ ದಂಡ. ಆದರೆ ಆ ದಿಂಬು ಕಂಡದ್ದೇ ಹೆಂಗಸರು ಬೇರೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಪ್ರತಿ ಸಲವೂ ಮೊದಲು ಮಾರಿಹೋಗುತ್ತಿದ್ದದ್ದು ಅದೇ, ಅದೂ ಹೆಚ್ಚಿನ ಮಜೂರಿಗೆ. ಹದಿನೈದು ವರ್ಷದ ಹಿಂದೆ ಅದು ಮೊದಲ ಸಲ ಬಂದಾಗ ಕಲ್ಲವ್ವ ಒದ್ದೆ ಕೈಯಲ್ಲಿ ಅದನ್ನು ಹಿಡಿದುಕೊಂಡು ಅಂಗಡಿಯ ಬಾಗಿಲವರೆಗೆ ಬಂದಿದ್ದಳು.

"ಇದೊಂದನ್ನ ಮಾರಬ್ಯಾಡ್ರಿ," ಅಂದಿದ್ದಳು.

"ಯಾಕ?"

"ಚಂದ ಐತಿ."

"ಚಂದ ಇದ್ದದ್ದಕ್ಕ ಲಗೂ ಮಾರತೈತಿ, ತಾ ಇಲ್ಲೆ," ಎಂದು ಅವನು ಕೈಚಾಚಿ ಇಸಕೊಂಡಿದ್ದ. ಮುಂದೆ ಎರಡು ಸಲ ಅದು ತಿರುಗಿ ಬಂತು. ಅವಳು ತೊಳೆದು, ಒರೆಸಿ, ಉಳಿದವುಗಳ ಜೊತೆ ಇಟ್ಟಳು.

ಈ ಸಲ ಅದನ್ನು ಕೊಂಡವಳು ರಾಜೂರಿನ ಭಾಗ್ಯಾ. ಗಂಡ ಹಾಲೇಶ ಟಂಟಂ ಗಾಡಿ ಹೊಡೆಯುವವನು. ಮದುವೆಯಾಗಿ ಏಳು ವರ್ಷ. ಅತ್ತೆ ಸಕ್ಕೂಬಾಯಿಯ ಜೊತೆ ಬಂದಿದ್ದಳು. ಹದಿನಾಲ್ಕರಲ್ಲಿ ಅವಳ ಕೈ ನೆಟ್ಟಗೆ ದಿಂಬಿನ ತೊಟ್ಟಿಲಿಗೇ ಹೋಯಿತು.

"ಇದು ಹೊಸಾದ ಐತಿಲ್ರಿ ಕಾಕಾರ?" ಎಂದು ಕೇಳಿದಳು.

"ಬೆಳ್ಳಿಗೆ ಹಳೇದು ಹೊಸಾದು ಎಲ್ಲೈತಿ ತಂಗಿ," ಅಂದ ಹೂವಪ್ಪ. ಈ ಮಾತು ಅವನಿಗೆ ಬಾಯಿಪಾಠ. ಸುಳ್ಳೂ ಅಲ್ಲ, ಖರೇನೂ ಅಲ್ಲ. ಭಾಗ್ಯಾ ಸೆರಗಿನಲ್ಲಿ ತೊಟ್ಟಿಲು ಮುಚ್ಚಿಕೊಂಡು ಹೋದಳು.

ಮುಂದೆ ಬೆಳ್ಳಿಯ ದರ ಹುಚ್ಚೆದ್ದಿತು. ಕಿಲೋಕ್ಕೆ ಎರಡು ಲಕ್ಷ ದಾಟಿದ ದಿನದಿಂದ ಸೂಡಿ, ಜಕ್ಕಲಿ, ನರೇಗಲ್ಲಿನ ಜನ ಅಟ್ಟದ ಮೇಲಿನ ಹಳೆಯ ಬೆಳ್ಳಿಯನ್ನೆಲ್ಲ ಇಳಿಸಿ ತರತೊಡಗಿದರು. ಹೂವಪ್ಪ ಕೊಂಡದ್ದನ್ನು ಕರಗಿಸಿ ಗಟ್ಟಿ ಮಾಡಿ, ಒಂದು ಸೋಮವಾರ ಬೆಳಿಗ್ಗೆ ರೋಣದ ಬಸ್ಸು ಹತ್ತಿ, ಅಲ್ಲಿಂದ ನರಗುಂದಕ್ಕೆ ಹೋದ. ಹುಬ್ಬಳ್ಳಿಗೆ ಹೋಗುವ ಮೊದಲು ಅಲ್ಲೊಂದು ಕೆಲಸವಿತ್ತು. ಗಾಜಿನ ಪೆಟ್ಟಿಗೆಯ ತೊಟ್ಟಿಲುಗಳು ಮುಗಿಯುತ್ತ ಬಂದಿದ್ದವು, ಬಂದವರೆಲ್ಲ ಅವನ ಮೊಬೈಲಿನ ಫೋಟೋ ನೋಡಿ ದಿಂಬಿನದನ್ನೇ ಕೇಳುತ್ತಿದ್ದರು. ಅಂಥವೇ ಹತ್ತು ಮಾಡಿಸಬೇಕು, ತೆಳು ತಗಡಿನವು. ನರಗುಂದದ ಸಲಾವುದ್ದೀನ ಎಂಬ ಮುದುಕ ಸಣ್ಣ ಕೆಲಸದಲ್ಲಿ ಎತ್ತಿದ ಕೈ ಎಂದು ಯಾರೋ ಹೇಳಿದ್ದರು.

ಸಲಾವುದ್ದೀನನ ಅಂಗಡಿ ಎಂದರೆ ಒಂದು ಕುಲುಮೆ, ಒಂದು ಚಾಪೆ, ಒಬ್ಬ ಎಪ್ಪತ್ತೈದರ ಮುದುಕ. ಹೂವಪ್ಪ ಮೊಬೈಲಿನಲ್ಲಿದ್ದ ತೊಟ್ಟಿಲಿನ ಫೋಟೋ ತೆಗೆದು ಮುಂದೆ ಹಿಡಿದ. "ಚಾಚಾ, ಇಂಥಾವ ಹತ್ತ ಬೇಕಾಗಿದ್ವು."

ಮುದುಕ ಮೊಬೈಲನ್ನು ಕಣ್ಣಿನ ಹತ್ತಿರ ತಂದ, ದೂರ ಒಯ್ದ.

"ಇದು ನಂದ ಕೆಲಸ," ಅಂದ. "ಒಂದ ಮಾಡೇನ್ರಿ ಇಂಥಾದ್ದು, ಜನ್ಮದಾಗ ಒಂದ. ಇದು ನಿಮ್ಮ ಕೈಗೆ ಎಲ್ಲಿಂದ ಬಂತು?"

"ಲಿಲಾವದಾಗ. ನಾ ಗಜೇಂದ್ರಗಡದ ಹೂವಪ್ಪ, ಸರಾಫಿ ಅಂಗಡಿ ನಂದು."

ಮುದುಕ ಫೋಟೋದ ಮೇಲಿನಿಂದ ಕಣ್ಣೆತ್ತಿ ಅವನ ಮುಖವನ್ನೇ ನೋಡಿದ. ಆಮೇಲೆ, "ಅಮ್ಮಾರು ಹ್ಯಾಂಗದಾರ್ರೀ?" ಎಂದು ಕೇಳಿದ.

"ಯಾವ ಅಮ್ಮಾರು?"

"ನಿಮ್ಮ ಮನಿಯವರು."

"ಆಕಿ ಹೋಗಿ ವರ್ಷದ ಮ್ಯಾಲಾತು. ನಿಮಗ ಹ್ಯಾಂಗ ಗೊತ್ತು ಆಕಿ?"

ಮುದುಕ ಏನೋ ಗೊಣಗಿಕೊಂಡು ಎರಡು ಅಂಗೈಯನ್ನೂ ಮುಖಕ್ಕೆ ಸವರಿಕೊಂಡ. "ಹಂಗಾದ್ರ ಹೇಳಬಹುದು. ನಿಮ್ಮ ಕಿವಿಗೆ ಬೀಳಬಾರದು ಅಂತ ಅಮ್ಮಾರು ಆಣಿ ಮಾಡಿಸಿಕೊಂಡಿದ್ರು. ಇಪ್ಪತ್ತ ವರ್ಷ ಆತ ಇದಕ್ಕ."

ಅವನು ಹೇಳಿದ್ದು ಇಷ್ಟು. ಒಂದು ದಿನ ಮುಂಜಾನೆ ಅಂಗಡಿ ತೆಗೆಯುವ ಮೊದಲೇ ಒಬ್ಬ ಹೆಣ್ಣುಮಗಳು ಕಟ್ಟೆಯ ಮೇಲೆ ಕೂತಿದ್ದಳು. ಸೆರಗಿನ ಗಂಟಿನಿಂದ ಒಂದು ಜೋಡಿ ಕಾಲ್ಗಡಗ ಬಿಚ್ಚಿ, ಇದನ್ನು ಕರಗಿಸಿ ಹರಕೆಯ ತೊಟ್ಟಿಲು ಮಾಡಿಕೊಡಿ ಅಂದಳು. ಕಡಗದ ಮೇಲೆ ಗಜೇಂದ್ರಗಡದ ಅಂಗಡಿಯ ಛಾಪು ಇತ್ತು. ನಿಮ್ಮ ಊರಾಗ ತಯಾರ ತೊಟ್ಟಿಲು ಸಿಗೂದಿಲ್ಲೇನು ಎಂದು ಸಲಾವುದ್ದೀನ ಕೇಳಿದ.

"ಅದಕ್ಕ ಅವರು ಅಂದ್ರು," ಮುದುಕ ಹೇಳಿದ, "ಆ ಅಂಗಡಿ ನಮ್ಮ ಮನಿಯವರದ. ಅಲ್ಲಿ ತೊಟ್ಲಾ ನಾನ ತೊಳೀತೀನಿ. ಮಂದಿ ಅತ್ತು ಕಟ್ಟಿದ ತೊಟ್ಲಾದಾಗ ನನ್ನ ಕೂಸು ಹ್ಯಾಂಗ ಮಲಗತೈತಿ? ನನಗ ಯಾರೂ ಮುಟ್ಟದ್ದ ಬೇಕು, ಅಂದ್ರು. ಬ್ಯಾರೆ ಬೆಳ್ಳಿ ಕೂಡಬಾರದು ಅಂತ ಮುಂಜಾನಿಂದ ಸಂಜೀತನಕ ಇಲ್ಲೇ ಈ ಚಾಪಿ ಮ್ಯಾಲ ಕುಂತ ನೋಡಿದ್ರು. ಸರಾಫನ ಹೇಣ್ತಿ ಅಲ್ರೀ, ನಮ್ಮನ್ನ ನಂಬ್ತಾರೇನು? ಕಡೀಕ ಒಂದ ಚೂರು ಉಳೀತು. ಇದನ್ನ ಏನ ಮಾಡ್ಲಿ ಅಂದ್ನಿ. ಹುಡುಗನ ತಲೀಗೆ ಒತ್ತತೈತಿ, ದಿಂಬ ಮಾಡ್ರಿ ಅಂದ್ರು."

ಹೂವಪ್ಪ ಚಾಪೆಯ ಮೇಲೆ ಕೂತುಬಿಟ್ಟ. ಆ ಕಾಲ್ಗಡಗ ಅವನಿಗೆ ಗೊತ್ತಿತ್ತು. ಮದುವೆಗೆ ಅವನಪ್ಪ ಸೊಸೆಗೆ ಮಾಡಿಸಿದ್ದು. ಇಪ್ಪತ್ತು ವರ್ಷದ ಹಿಂದೆ ಮಲಪ್ರಭೆಗೆ ಸ್ನಾನಕ್ಕೆ ಹೋಗಿ ಬಂದವಳ ಕಾಲು ಬರಿದಾಗಿತ್ತು. ದಂಡೆಯ ಮೇಲೆ ಬಿಚ್ಚಿಟ್ಟಿದ್ದೆ, ಯಾರೋ ಒಯ್ದರು ಅಂದಿದ್ದಳು. ಅವತ್ತು ಅವನು ಬೈದದ್ದು ಓಣಿಗೆಲ್ಲ ಕೇಳಿಸಿತ್ತು. ಬೈಗುಳ ಒಂದು ದಿನಕ್ಕೆ ಮುಗಿಯಿತು, ಚಾಷ್ಟಿ ಮುಗಿಯಲಿಲ್ಲ. ಬೀಗರು ಬಂದರೆ, ಗಿರಾಕಿಗಳು ಬಂದರೆ, "ನಮ್ಮಾಕಿ ಹೊಳಿದಂಡ್ಯಾಗ ಬೆಳ್ಳಿ ಬಿತ್ತಿ ಬಂದಾಳ, ಇನ್ನೂ ಬೆಳಿ ಬಂದಿಲ್ಲ," ಎಂದು ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಕಳೆಯುವವಳಿಗೆ ಮತ್ತೇಕೆ ಎಂದು ಇನ್ನೊಂದು ಜೊತೆ ಮಾಡಿಸಿಕೊಡಲಿಲ್ಲ. ಬೆಳ್ಳಿ ಅಂಗಡಿಯ ಹಿಂದಿನ ಮನೆಯಲ್ಲಿ ಅವಳು ಸಾಯುವ ತನಕ ಬರಿಗಾಲಲ್ಲಿ ತಿರುಗಾಡಿದಳು.

ಅವನು ಅಂಗಡಿಯಲ್ಲಿದ್ದಾಗ ಆ ತೊಟ್ಟಿಲನ್ನು ಅವಳು ಗುಟ್ಟಾಗಿ ತೂಗಿ ಗುಡ್ಡದವ್ವನಿಗೆ ಕಟ್ಟಿ ಬಂದಳು. ಅವನು ಲಿಲಾವಿನಲ್ಲಿ ಹಿಡಿದು ತಿರುಗಿ ಮನೆಗೇ ತಂದ. ತಂದು ಅವಳ ಕೈಗೇ ತೊಳೆಯಲು ಕೊಟ್ಟ. ಮಾರಬ್ಯಾಡ್ರಿ ಎಂದು ಅವಳು ಬಾಯಿಬಿಟ್ಟು ಕೇಳಿದಳು. ಅವನು ಮಾರಿದ. ಒಂದು ಸಲವಲ್ಲ, ಮೂರು ಸಲ ಅವಳ ಕಣ್ಣೆದುರು ಮಾರಿದ, ನಾಲ್ಕನೆಯ ಸಲ ಅವಳಿಲ್ಲದಾಗ. ಒಳ್ಳೆಯ ಮಜೂರಿ ಬಂತೆಂದು ಆ ಮೂರೂ ಸಲ ಅವಳಿಗೇ ಹೇಳಿದ್ದ.

"ಹತ್ತ ಮಾಡ್ಲೀ?" ಸಲಾವುದ್ದೀನ ಮೆಲ್ಲಗೆ ಕೇಳಿದ.

"ಬ್ಯಾಡ ಚಾಚಾ," ಅಂದ ಹೂವಪ್ಪ. ಚೀಲದಲ್ಲಿದ್ದ ಬೆಳ್ಳಿಯ ಗಟ್ಟಿ ಹಾಗೇ ಇತ್ತು, ಹುಬ್ಬಳ್ಳಿಯಲ್ಲಿ ದರ ಅವತ್ತು ಇನ್ನೂ ಏರಿತ್ತು. ಅವನಿಗೆ ನೆನಪಾದದ್ದು ಬೇರೆ. ಭಾಗ್ಯಾ ತೊಟ್ಟಿಲು ಒಯ್ದು ಐದು ಮಂಗಳವಾರ ಆಗಿಹೋಗಿದ್ದವು. ನಾಳೆ ಆರನೆಯದು. ನಾಳೆ ಅವಳು ಗುಡ್ಡಕ್ಕೆ ಒಯ್ದು ಕಟ್ಟಿದರೆ ಕಲ್ಲವ್ವನ ತೊಟ್ಟಿಲು ಮತ್ತೊಬ್ಬರ ಹೆಸರಿನಲ್ಲಿ ಐದು ವರ್ಷ ತೂಗಾಡುತ್ತದೆ. ಅಷ್ಟು ದಿನ ತಾನಿರುತ್ತೇನೋ ಇಲ್ಲವೋ. ಅವನು ಹುಬ್ಬಳ್ಳಿಯ ಬಸ್ಸು ಬಿಟ್ಟು ರೋಣದ ಬಸ್ಸು ಹತ್ತಿದ.

ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಅವನು ಸರಾಫನ ಬುದ್ಧಿಯಲ್ಲೇ ಯೋಚಿಸಿದ. ಮಾಲಿನಲ್ಲಿ ಬಿರುಕಿದೆ ಅನ್ನಬಹುದು. ತೂಕದಲ್ಲಿ ತಪ್ಪಾಗಿದೆ, ಇದರ ಬದಲು ದೊಡ್ಡದು ಕೊಡುತ್ತೇನೆ ಅನ್ನಬಹುದು. ಹಳ್ಳಿಯ ಹೆಂಗಸರು, ಕುಣಿದು ಒಪ್ಪುತ್ತಾರೆ. ಗಜೇಂದ್ರಗಡದಲ್ಲಿ ಇಳಿದು, ಅಂಗಡಿಯ ತಿಜೋರಿಯಲ್ಲಿ ಗಟ್ಟಿ ಇಟ್ಟು, ಸ್ಕೂಟರ್ ತೆಗೆದುಕೊಂಡು ರಾಜೂರಿಗೆ ಮುಟ್ಟುವವರೆಗೂ ಈ ಮಾತುಗಳನ್ನೇ ತಿದ್ದಿ ತೀಡುತ್ತಿದ್ದ.

ಹೊತ್ತು ಮುಳುಗುತ್ತಿತ್ತು. ಸಕ್ಕೂಬಾಯಿ ಅಂಗಳದಲ್ಲಿ ಕಡಲೆಯ ಹೊಟ್ಟು ಕೇರುತ್ತಿದ್ದಳು. "ಬರ್ರಿ ಸಾವ್ಕಾರ್ರ, ಹಿಂಗ್ಯಾಕ ಬಂದ್ರಿ?" ಎಂದು ಮೊರ ಕೆಳಗಿಟ್ಟಳು. ಒಳಗೆ ಜಗಲಿಯ ಮುಂದೆ ದೀಪ. ಮೊಳೆಗೆ ಕೆಂಪು ದಾರದಿಂದ ತೊಟ್ಟಿಲು ಕಟ್ಟಿತ್ತು. ದಿಂಬಿಗೆ ತಲೆಕೊಟ್ಟ ಹಾಗೆ ಅಡಿಕೆ ಬೆಟ್ಟ ಮಲಗಿತ್ತು, ಅದರ ಮೇಲೆ ಹೆಬ್ಬೆರಳಗಲದ ಒಂದು ಕೌದಿಯ ತುಂಡು ಹೊದಿಸಿತ್ತು. ನಾಳೆ ಗುಡ್ಡಕ್ಕೆ ಒಯ್ಯುವುದೆಂದು ಭಾಗ್ಯಾ ಕಡೆಯ ಸಲ ಒಂದು ಬೆರಳಿನಿಂದ ತೂಗುತ್ತ ಕೂತಿದ್ದಳು.

ಹೂವಪ್ಪ ತಿದ್ದಿ ತೀಡಿದ ಮಾತನ್ನೆಲ್ಲ ಬಿಟ್ಟುಬಿಟ್ಟ. "ತಂಗಿ, ಆ ತೊಟ್ಲಾ ಹೊಸಾದಲ್ಲ," ಅಂದ. ಅಂದಮೇಲೆ ಉಳಿದದ್ದೂ ಹೊರಗೆ ಬಂತು. ಲಿಲಾವು, ತೊಳೆಯುವುದು, ಮತ್ತೆ ಮಾರುವುದು, ಕಲ್ಲವ್ವನ ಕಾಲ್ಗಡಗ, ನರಗುಂದದ ಮುದುಕ, ಎಲ್ಲ. ಮೂವತ್ತು ವರ್ಷದ ದಂಧೆಯ ಗುಟ್ಟನ್ನು ಅವನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆ ಇಬ್ಬರು ಹೆಂಗಸರ ಮುಂದೆ.

ಸಕ್ಕೂಬಾಯಿ ಎದ್ದು ನಿಂತಳು. "ಮಂದಿ ಹರಕಿ ತಂದ ನನ್ನ ಸೊಸಿ ಉಡಿಯಾಗ ಹಾಕಿದೇನೋ ಮೂಳಾ! ಅವ್ವನ ಸೊತ್ತ ತಿಂದ ಬದುಕಿಯಲ್ಲೋ! ಅದಕ್ಕ ನಿನ್ನ ಮನ್ಯಾಗ ತೊಟ್ಲಾ..." ಎಂದು ಕೂಗಿದವಳು ಅಲ್ಲಿಗೇ ನಾಲಗೆ ಕಚ್ಚಿಕೊಂಡಳು. ಅವಳು ನುಂಗಿದ ಮಾತು ಹೂವಪ್ಪನಿಗೆ ಕೇಳಿಸಿತು. ಅದನ್ನು ಅವನೂ ನರಗುಂದದ ಚಾಪೆಯ ಮೇಲೆ ಕೂತಾಗ ಅಂದುಕೊಂಡಿದ್ದ.

ಭಾಗ್ಯಾ ಬೆರಳು ತೆಗೆದಿರಲಿಲ್ಲ. ತೊಟ್ಟಿಲು ಇನ್ನೂ ತೂಗುತ್ತಿತ್ತು. "ಆ ಅವ್ವಗ ಮಕ್ಕಳಾಗಲೇ ಇಲ್ಲೇನ್ರಿ?" ಎಂದು ಕೇಳಿದಳು.

"ಇಲ್ಲ ತಂಗಿ."

ಅವಳು ತೂಗುವುದನ್ನು ನಿಲ್ಲಿಸಿದಳು. ಕೌದಿಯ ತುಂಡಿನ ಸಮೇತ ಅಡಿಕೆ ಬೆಟ್ಟವನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಆಮೇಲೆ ದಾರ ಬಿಚ್ಚಿ ತೊಟ್ಟಿಲನ್ನು ಅವನ ಕೈಗೆ ಕೊಟ್ಟಳು. "ಆಕೀದು ಆಕೀಗೇ ಇರಲಿ. ನನಗ ಬ್ಯಾರೆ ಮಾಡಿಸಿಕೊಡ್ರಿ. ಕರಗಸಾಕ ಹಾಕಬೇಕಾದ್ರ ನಾನೂ ಬರತೀನಿ, ಆ ಅಜ್ಜನ ಮುಂದ ಕುಂತ ನೋಡತೀನಿ."

"ಬಾ ಯವ್ವ," ಅಂದ ಹೂವಪ್ಪ. ದುಡ್ಡಿನ ಮಾತು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅವನ ಜನ್ಮದಲ್ಲಿ ಹಾಗೆ ಮುಗಿದ ವ್ಯಾಪಾರ ಅದೊಂದೇ.

ಮನೆಗೆ ಬಂದು ಅಂಟವಾಳಕಾಯಿ ಹುಡುಕಿದ. ಅಡುಗೆಮನೆಯ ನಾಗೊಂದಿಗೆಯಲ್ಲಿ ಡಬ್ಬಿ ಅವಳು ಇಟ್ಟಲ್ಲೇ ಇತ್ತು. ನಾಲ್ಕು ಕಾಯಿ ನೆನೆಸಿ, ಹಿತ್ತಲಿನ ಕಲ್ಲಿನ ಮುಂದೆ ಅವಳ ಹಾಗೇ ಕುಕ್ಕರಗಾಲಲ್ಲಿ ಕೂತು ತೊಟ್ಟಿಲು ತೊಳೆದ. ಮೊಣಕಾಲು ನೋಯುತ್ತಿತ್ತು. ಮೂವತ್ತು ವರ್ಷ ಅವಳು ಹೀಗೆ ಕೂತದ್ದನ್ನು ಅವನು ಅಂಗಡಿಯ ಗಾದಿಯ ಮೇಲಿನಿಂದ ನೋಡಿದ್ದನೇ ಹೊರತು, ಇಲ್ಲಿ ಕೂತು ನೋಡಿರಲಿಲ್ಲ. ದಿಂಬಿನ ಮೂಲೆಯಲ್ಲಿ ಸಿಕ್ಕಿಕೊಂಡ ಕುಂಕುಮ ಬಿಡಲೊಲ್ಲದು. ಯಾರ ಯಾರ ಕುಂಕುಮವೋ. ಅದನ್ನು ತಿಕ್ಕುತ್ತ ತಿಕ್ಕುತ್ತ ಅವನು ಅತ್ತ. ಹೆಂಡತಿ ಸತ್ತ ದಿನ ಜನರಿದ್ದರೆಂದು ತಡೆದುಕೊಂಡಿದ್ದು ಈಗ ಬಂತು.

ಇದು ಮನೆಯಲ್ಲೇ ಇರಲಿ ಅಂದುಕೊಂಡಿದ್ದ. ಬೆಳಗಾಗುವುದರಲ್ಲಿ ಆ ಮನಸ್ಸು ಉಳಿಯಲಿಲ್ಲ. ಮನೆಯಲ್ಲಿಟ್ಟುಕೊಳ್ಳಲು ಅವಳು ಮಾಡಿಸಿರಲಿಲ್ಲ. ಅವ್ವನಿಗೆ ಕೊಟ್ಟದ್ದನ್ನು ತಿಜೋರಿಯಲ್ಲಿಟ್ಟರೆ ಅದು ಐದನೆಯ ಸಲ ಕದ್ದಂತೆ.

ಮಂಗಳವಾರ ಗುಡ್ಡದ ಮೇಲೆ ಹೆಂಗಸರ ಸಾಲು. ನಡುವೆ ಅರವತ್ಮೂರು ವರ್ಷದ ಒಬ್ಬ ಗಂಡಸು ತೊಟ್ಟಿಲು ಹಿಡಿದು ನಿಂತದ್ದು ಕಂಡು ಎಳೆಯ ಹೆಣ್ಣುಮಕ್ಕಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಹೂವಪ್ಪ ಎಲ್ಲರನ್ನೂ ನಗಿಸಿ ಬದುಕಿದವನು. ಅವತ್ತು ತಾನು ತಲೆತಗ್ಗಿಸಿ ನಿಂತ. ಅವನ ಸರದಿ ಬಂದಾಗ ಪೂಜಾರಿ ಗುರುತು ಹಿಡಿದು ಹುಬ್ಬೇರಿಸಿದ.

"ಯಾರ ಹೆಸರಿಲೆ ಕಟ್ಟೂದ್ರಿ?"

"ಕಲ್ಲವ್ವ."

"ಏನಂತ ಬೇಡಿಕೊಳ್ಳಲಿ?"

"ಬೇಡೂದು ಏನಿಲ್ರಿ. ಇದು ಆಕಿ ಕೊಟ್ಟಿದ್ದು. ನಾ ಒಯ್ದಿದ್ನಿ. ತಿರಗಿ ತಂದೀನಿ."

ಪೂಜಾರಿಗೆ ಅರ್ಥವಾಗಲಿಲ್ಲ. ದಾರ ಪೋಣಿಸುತ್ತ, "ಎಲ್ಲಿ ಹೋಗತೈತಿ ಬಿಡ್ರಿ, ಐದ ವರ್ಷಕ್ಕ ಮತ್ತ ಲಿಲಾವದಾಗ ನಿಮ್ಮ ಕೈಗೇ ಬರತೈತಿ," ಎಂದು ನಕ್ಕ.

"ಬರಲಿ. ಎಷ್ಟಕ್ಕ ಕೂಗಿದ್ರೂ ಇದೊಂದನ್ನ ನಾನ ಹಿಡೀತೀನಿ. ಮತ್ತ ತಂದ ಇಲ್ಲೇ ಕಟ್ಟತೀನಿ."

"ಹಂಗಾದ್ರ ನಿಮಗ ಲಾಭ ಏನ ಉಳೀತ್ರಿ ಸಾವ್ಕಾರ್ರ?"

ಹೂವಪ್ಪ ಕೈಚಾಚಿ ತೊಟ್ಟಿಲಿನೊಳಗಿನ ದಿಂಬನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿದ. "ಮಾರಬ್ಯಾಡ್ರಿ ಅಂದಿದ್ಲು," ಅಂದ. "ಆಕಿ ನನ್ನ ಬೇಡಿದ್ದು ಅದೊಂದ."

ಪೂಜಾರಿ ತೊಟ್ಟಿಲನ್ನು ಮೇಲಿನ ಸಾಲಿಗೆ ಕಟ್ಟಿ ಮುಂದಿನವರನ್ನು ಕರೆದ. ಹೂವಪ್ಪ ಮೆಟ್ಟಿಲಿಳಿದು ಬಂದು, ಸ್ಕೂಟರ್ ಚಾಲೂ ಮಾಡಿ, ಯಾರೂ ಇಲ್ಲದ ಮನೆಯ ದಾರಿ ಹಿಡಿದ.